ಸಂಗಾಟದ ಗಾಡಿ

ವಾಡಿ
೪ ಜೂನ್ ೨೦೨೫, ಬುಧವಾರ

ನನ್ನ ಮೇಲೆ ಮುನಿದು ಕೂತಿರುವ ಅಲ್ಮಾಸ್‌ಗೆ, ನಿನಗಿಂತ ಒಂದು ಕೈ ಹೆಚ್ಚೇ ಮುನಿದಿರುವ ಭಾಗ್ಯಳ ಶರಣು ಮತ್ತು ಸಲಾಮು.

ನಿನ್ನ ಬಕ್ರೀದಿನ ಕುರ್ತಾ ಹೊಲಿದು ಮುಗಿಸಿದ್ದೇನೆ. ಅದರ ಮಡಿಕೆಯೊಳಗೆ ಈ ಪತ್ರ ಇಟ್ಟು ನಿನ್ನ ಅಮ್ಮಿ ಹಮೀದಾಬಿಯ ಕೈಗೆ ಕೊಡುತ್ತೇನೆ. ಹಬ್ಬಕ್ಕೆಂದು ಅವರು ನಾಳೆ ಶಹಾಬಾದಿಗೆ ನಿನ್ನ ಮನೆಗೆ ಬರುವವರಿದ್ದಾರೆ. ಫೋನ್ ಮಾಡಿದರೆ ಕಟ್ ಮಾಡುತ್ತಿ. ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದ್ದಿ. ಹೋದ ವಾರ ನಾನೇ ರೈಲು ಹತ್ತಿ ನೀನು ಕೆಲಸ ಮಾಡುವ ಮೆಡಿಕಲ್ ಅಂಗಡಿಗೆ ಬಂದರೆ ಹಿಂದಿನ ಬಾಗಿಲಿನಿಂದ ಹೊರಟುಹೋದೆ. ಯವ್ವಾ, ಎಂಥ ಸಿಟ್ಟು! ಆದರೆ ಚಿತ್ತಾಪುರದ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಲಿತ ಕನ್ನಡವನ್ನು ಬ್ಲಾಕ್ ಮಾಡುವುದು ನಿನ್ನಿಂದ ಆಗುವುದಿಲ್ಲ. ಹಬ್ಬಕ್ಕೆ ಕುರ್ತಾ ಬೇಕೆಂದರೆ ಮಡಿಕೆ ಬಿಚ್ಚಬೇಕು, ಬಿಚ್ಚಿದರೆ ಓದಬೇಕು.

ನೀನು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಆಡಿದ ಮಾತು ಸಂಜೆಯೊಳಗೆ ವಾಡಿಗೆ ಬಂದು ನನ್ನ ಹೊಲಿಗೆ ಮಷೀನಿನ ಮುಂದೆ ನಿಂತಿತು. "ಭಾಗ್ಯಾಗ ಹೊಟ್ಟಿ ಉರಿ. ತಾನು ಗೆಲ್ಲಲಿಲ್ಲಂತ ಸಮಿತಿಯವ್ರ ಮುಂದ ಹೋಗಿ ನನ್ನ ಗಂಡನ ಮ್ಯಾಲ ತಕರಾರು ಹೇಳ್ಯಾಳ" ಅಂದೆಯಂತೆ. ಹೇಳಿದವಳು ಬ್ಲೌಸು ಒಯ್ಯಲು ಬಂದವಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು, ಪೇಡೆ ತಿಂದವಳ ಹಾಗೆ ಇತ್ತು.

ಹೌದು, ನನಗೆ ಹೊಟ್ಟೆಯುರಿ. ಅದನ್ನು ಊರಿನವರಿಗೆ ನೀನು ಹೇಳುವುದೇನು, ನಿನಗೆ ನಾನೇ ಹೇಳುತ್ತೇನೆ. ಭಾಳ ಹೊಟ್ಟೆಯುರಿ. ಆದರೆ ಹೊಟ್ಟೆ ಉರಿಯುವವಳು ಹೇಳಿದ್ದೆಲ್ಲ ಸುಳ್ಳು ಅಂತ ನಿನಗೆ ಯಾರು ಹೇಳಿದರು?

ಎಂಟನೇ ತರಗತಿಯಲ್ಲಿ ಸರಕಾರದವರು ನಮಗೆ ಸೈಕಲ್ ಕೊಟ್ಟಾಗಿನಿಂದ ಶುರುವಾದದ್ದು ಇದು. ನಾನು ಸೀಟಿನ ಮೇಲೆ ನೆಟ್ಟಗೆ ಕೂಡಲು ಒದ್ದಾಡುತ್ತಿದ್ದಾಗ ನೀನು ಎರಡೂ ಕೈ ಬಿಟ್ಟು, ಓಢಣಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನನ್ನ ಸುತ್ತ ಸುತ್ತುತ್ತಿದ್ದೆ. ಈಗ ಎರಡು ಹೆತ್ತ ಮೇಲೂ ನಿನ್ನ ಸೊಂಟದ ಅಳತೆ ಬದಲಾಗಿಲ್ಲ. ಹಬ್ಬ ಹಬ್ಬಕ್ಕೆ ಟೇಪು ಹಿಡಿಯುವವಳು ನಾನು. ಪ್ರತಿ ಸಲ ಅದೇ ಅಂಕಿ ಬಂದಾಗ ಟೇಪೇ ಜಗ್ಗಿದೆಯೇನೋ ಅಂತ ನನ್ನ ಸೊಂಟಕ್ಕೂ ಸುತ್ತಿ ನೋಡುತ್ತೇನೆ. ಟೇಪು ಸರಿಯಾಗಿಯೇ ಇರುತ್ತದೆ. ನೀನು ಫ್ಯಾನಿನ ಕೆಳಗೆ ನಿಂತು ಗುಳಿಗೆ ಮಾರುತ್ತಿ, ನಾನು ತಗಡಿನ ಕೆಳಗೆ ಕೂತು ಕಾಜಾ ಹೊಲಿಯುತ್ತೇನೆ. ಇದಕ್ಕೂ ಉರಿ. ಆದರೆ ಇವೆಲ್ಲ ಒಲೆಯ ಅಂಚಿನ ಕೆಂಡ, ಇವುಗಳಿಂದ ಯಾರೂ ಸಾಯುವುದಿಲ್ಲ. ನಿಜವಾದ ಬೆಂಕಿ ಇರುವುದು ನಿನ್ನ ಮಶಾಕನ ವಿಷಯದಲ್ಲಿ.

ತಪ್ಪು ತಿಳಿಯಬೇಡ, ತಾಯಿ. ನಿನ್ನ ಗಂಡ ನನಗೇನೂ ಬೇಕಾಗಿಲ್ಲ. ಆ ಗುಟ್ಕಾ ಹಲ್ಲು, ಆ ಗೊರಕೆ, ಎಲ್ಲ ನಿನಗೇ ಇರಲಿ. ಗೊರಕೆಯ ಸುದ್ದಿ ನೀನೇ ಹೇಳಿದ್ದು, ನನ್ನ ಮೇಲೆ ಹಾಕಬೇಡ.

ಈಗ ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ. ನೀನು ಮರೆತವಳ ಹಾಗೆ ನಟಿಸುತ್ತಿರುವುದರಿಂದ ಬರೆಯಲೇಬೇಕು. ನಾವು ಸಣ್ಣವರಿದ್ದಾಗ ಕಾರಹುಣ್ಣಿಮೆಗೆ ಎತ್ತು ಓಡಿಸುತ್ತಿದ್ದರು. ಪುಂಡಿನಾರಿನ ಹಗ್ಗಕ್ಕೆ ಬೇವಿನ ತಪ್ಪಲು ಕಟ್ಟಿ ದಾರಿಗೆ ಅಡ್ಡ ಎಳೆದರೆ ಅದೇ ಕರಿ. ಮೊದಲು ಓಡಿಬಂದು ಅದನ್ನು ಹರಿದ ಎತ್ತಿಗೆ ಆ ದಿನದ ಮರ್ಯಾದೆ. ಕೆಂದೆತ್ತು ಹರಿದರೆ ಮುಂಗಾರಿ ಪೀಕು ಚೆನ್ನ, ಬಿಳಿಯೆತ್ತು ಹರಿದರೆ ಹಿಂಗಾರಿ ಚೆನ್ನ ಅಂತ ಹಿರಿಯರು ಹೇಳುತ್ತಿದ್ದರು. ಈಗ ಎತ್ತುಗಳೆಲ್ಲಿವೆ? ಎಲ್ಲರ ಹೊಲಕ್ಕೂ ಟ್ರ್ಯಾಕ್ಟರು. ಕರಿ ಕಟ್ಟುವವರಿದ್ದಾರೆ, ಹರಿಯುವವರಿಲ್ಲ ಅನ್ನುವ ಹಾಗಾದಾಗ ಪೆಂಡಾಲ್ ಅಂಗಡಿಯ ರಮೇಶಕುಮಾರ ಗೆಳೆಯರನ್ನು ಕೂಡಿಸಿ ಸಮಿತಿ ಮಾಡಿ, ಎತ್ತಿನ ಜಾಗದಲ್ಲಿ ಸೈಕಲ್ ತಂದ, ಇದು ಮೂರನೇ ವರ್ಷ. ಚಿತ್ತಾಪುರದಿಂದ ವಾಡಿಯವರೆಗೆ, ಗೇರಿಲ್ಲದ ಸಾದಾ ಸೈಕಲ್. ಮೊದಲು ಗಂಡಸರ ರೇಸು, ಅದು ಮುಗಿದ ಮೇಲೆ ಹೊಸ ಕರಿ ಕಟ್ಟಿ ನಮ್ಮದು. ಅಷ್ಟರಮಟ್ಟಿಗೆ ಅವನಿಗೆ ಪುಣ್ಯ ಬರಲಿ.

ನನಗೆ ಬೇಕಾದದ್ದು ಒಂದೇ, ಅದೂ ನಿನಗೆ ಗೊತ್ತು. ಕರಿ ನನ್ನ ಎದೆಗೆ ತಾಗಿ ಹರಿಯಬೇಕು. ಬಹುಮಾನದ ಕಪ್ಪು ಬೇಕಾದರೆ ನೀನು ಇಟ್ಟುಕೋ, ಕುಕ್ಕರನ್ನೂ ಇಟ್ಟುಕೋ. ಎರಡು ವರ್ಷವೂ ನಾನು ಬಂದು ಮುಟ್ಟುವಾಗ ಕರಿ ನೆಲಕ್ಕೆ ಬಿದ್ದಿತ್ತು. ಬೇವಿನ ತಪ್ಪಲು ತುಳಿದುಕೊಂಡು ಎರಡನೆಯವಳಾಗಿ ಬರುವುದು ಹೇಗಿರುತ್ತದೆ ಅಂತ ನಿನಗೆ ಗೊತ್ತಿಲ್ಲ. ಗೊತ್ತಾಗಲಿ ಅಂತ ನನ್ನ ಆಸೆ.

ಗಂಡಸರ ರೇಸಿದ್ದಾಗ ಚಿತ್ತಾಪುರದ ಹತ್ತಿರ ಒಂದು ಕಡೆ, ವಾಡಿಯ ಹತ್ತಿರ ಒಂದು ಕಡೆ ಸಿಮೆಂಟ್ ಲಾರಿಗಳನ್ನು ತಡೆದು ನಿಲ್ಲಿಸುತ್ತಾರೆ. ಅವರದು ಮುಗಿದು ಹಾರ ಹಾಕಿ ಫೋಟೋ ತೆಗೆಯುವ ಹೊತ್ತಿಗೆ ಡ್ರೈವರುಗಳು ಹಾರ್ನು ಹೊಡೆದು ಕಿವಿ ಕಿತ್ತುಹಾಕುತ್ತಾರೆ ಅಂತ ಬಿಟ್ಟುಬಿಡುತ್ತಾರೆ. ಆಗ ನಮ್ಮ ರೇಸು ಶುರು! ಅಷ್ಟೂ ಹೊತ್ತು ತಡೆದಿಟ್ಟ ಲಾರಿಗಳೆಲ್ಲ ನಮ್ಮ ಪಕ್ಕದಲ್ಲೇ ಓಡಬೇಕು. ಅದಕ್ಕೆ ಸಮಿತಿಯವರು ಹುಡುಕಿದ ಉಪಾಯ ಸಂಗಾಟದ ಗಾಡಿ. "ಹೆಣ್ಮಕ್ಕಳ ಮನಿ ಮಂದಿ ಬೇಕಾದ್ರ ಮೋಟರ್‌ಸೈಕಲ್ ತಗೊಂಡು ಸಂಗಾಟ ಬರ್ರಿ, ನಮ್ದೇನ್ ಹರಕತ್ತಿಲ್ಲ" ಅಂದರು. ಬೇಕಾದರೆ ಅಂದಿದ್ದರು ಆಗ. ಆ ಮಾತು ನೆನಪಿಡು.

ಹೋದ ವರ್ಷ ನಿನ್ನ ಸಂಗಾಟ ಮಶಾಕ ಬಂದ. ಬರಿಗೈಯಲ್ಲಿ ಬಂದನೇ? ರೇಸು ಮುಗಿಸಿ ಹಾಗೆಯೇ ನಾಲವಾರದ ಕಡೆ ವ್ಯಾಪಾರಕ್ಕೆ ಹೋಗಬೇಕಿತ್ತಂತೆ. ಮೋಟಾರ್ ಸೈಕಲಿನ ಎರಡೂ ಬದಿಗೆ ಕಬ್ಬಿಣದ ಚೌಕಟ್ಟು ಕಟ್ಟಿ ಬಕೀಟು, ಟಬ್ಬು, ಸ್ಟೂಲು, ಡಬ್ಬಿ, ಮೇಲೆ ಸುತ್ತಿದ ಚಾಪೆಗಳು, ಒಂದು ಮನೆಯ ಗೋಡೆಯಷ್ಟು ಅಗಲ. ಅದು ನಿನ್ನ ಮುಂದೆ. ಕಾರಹುಣ್ಣಿಮೆಯ ಹೊತ್ತಿನ ಗಾಳಿ ಗೊತ್ತಲ್ಲ? ವಾಡಿಯ ಕಡೆ ಮುಖ ಮಾಡಿದರೆ ಎದೆಗೇ ಬಂದು ಗುದ್ದುತ್ತದೆ. ಬಿತ್ತಲಿಕ್ಕೆ ಹರಗಿಟ್ಟ ಹೊಲಗಳ ಮಣ್ಣು, ಫರ್ಸಿ ಕಲ್ಲಿನ ಪುಡಿ, ಎಲ್ಲ ನಮ್ಮ ಬಾಯಿಗೆ. ನಾವು ಐದು ಜನ ಹಲ್ಲು ಕಚ್ಚಿ ತುಳಿಯುತ್ತಿದ್ದರೆ ನೀನು ಆ ಬಕೀಟಿನ ಗೋಡೆಯ ಹಿಂದೆ ಓಣಿಯಲ್ಲಿ ಹಾಲು ತರಲು ಹೊರಟವಳ ಹಾಗೆ ಹೋಗುತ್ತಿದ್ದೆ. ನಿನ್ನ ಓಢಣಿ ಕೂಡ ಹಾರುತ್ತಿರಲಿಲ್ಲ, ಅಲ್ಮಾಸ್. ನನ್ನ ಸೆರಗು ಪಿನ್ನು ಕಿತ್ತುಕೊಂಡು ಮುಖಕ್ಕೆ ಹೊಡೆಯುತ್ತಿತ್ತು, ನಿನ್ನ ಓಢಣಿ ಬೆನ್ನ ಮೇಲೆ ತೆಪ್ಪಗೆ ಮಲಗಿತ್ತು.

ನಡುವೆ ಒಮ್ಮೆ ಜೀವ ಬಿಗಿಹಿಡಿದು ನಿನ್ನ ಹಿಂದಿನ ಗಾಲಿಯ ತನಕ ಬಂದೆ. ಆ ಗೋಡೆಯ ಮರೆ ನನಗೂ ಸಿಕ್ಕಿತು. ಗಾಳಿ ನಿಂತೇಹೋಯಿತು! ಕಾಲಿಗೆ ಜೀವ ಬಂತು. ಆಹಾ, ಇಷ್ಟು ಸುಖವೇ ಇದು ಅಂದುಕೊಂಡೆ. ಅದೇ ಹೊತ್ತಿಗೆ ಮಶಾಕ ಹಿಂದೆ ತಿರುಗಿ ನೋಡಿದ. ನೀನು ಸರಿಯಾಗಿ ಬರುತ್ತಿರುವೆಯೋ ಇಲ್ಲವೋ ಅಂತ ನೋಡಿದ, ಅಷ್ಟೇ. ಸೇತುವೆ ಬಂದಾಗ ನೋಡುತ್ತಿದ್ದ, ತಿರುವು ಬಂದಾಗ ನೋಡುತ್ತಿದ್ದ, ಲಾರಿ ದಾಟಿದಾಗೆಲ್ಲ ನೋಡುತ್ತಿದ್ದ. ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅಲ್ಲಿ. ಗಾಳಿಯ ಮರೆ ಬಿಡು, ಅದನ್ನು ಒಂದು ಗೋಡೆಯೂ ಕೊಡುತ್ತದೆ. ಹಾಗೆ ತಿರುಗಿ ತಿರುಗಿ ನನ್ನನ್ನು ಯಾರೂ ನೋಡಿಲ್ಲ. ಕಾಲು ತಾನಾಗಿಯೇ ನಿಧಾನವಾಯಿತು, ನೀನು ಮುಂದೆ ಹೋದೆ.

ಕೊನೆಗೆ ಏನಾಯಿತು? ಕರಿಯ ಹತ್ತಿರ ಬಂದಾಗ ಮಶಾಕ ಪಕ್ಕಕ್ಕೆ ಸರಿಯಬೇಕಿತ್ತು. ನಿನ್ನನ್ನು ನೋಡುತ್ತ ನೋಡುತ್ತ ಮರೆತ. ಎಡಗಡೆಯ ನೀಲಿ ಬಕೀಟಿನ ಹಿಡಿಕೆಗೆ ಹಗ್ಗ ಸಿಕ್ಕಿ ಕರಿ ಹರಿಯಿತು. ಜನ ಹೋ ಅಂತ ಕೂಗಿದರು, ಹಲಗೆ ಬಾರಿಸುವವರು ಯಾರಿಗೆ ಬಾರಿಸಬೇಕೋ ತಿಳಿಯದೆ ಬಕೀಟಿಗೇ ಬಾರಿಸಿದರು. ಕಟ್ಟೆಯ ಮೇಲೆ ಕೂತಿದ್ದ ಮುದುಕ ಲಾಲಪ್ಪ, "ನೀಲಿ ಬಕೀಟ ಹರದದ ಅಂದ್ರ ಈ ವರ್ಷ ನೀರಿಗೇನ್ ಕಮ್ಮಿ ಇಲ್ಲ ಬಿಡ್ರಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಹರಿದ ಹಗ್ಗದ ಮೇಲಿಂದ ಹಾದು ಮೊದಲನೆಯವಳಾದೆ, ನಿನಗೆ ಶಾಲು ಹೊದಿಸಿದರು. ಯಾರಾದರೂ ಒಬ್ಬರು, ಹೆಣ್ಮಕ್ಕಳ ಕರಿ ಹರಿದದ್ದು ಹೆಣ್ಮಗಳೋ ಬಕೀಟೋ ಅಂತ ಕೇಳಿದರೇ? ಕೇಳಿದವಳು ನಾನೊಬ್ಬಳೇ, ಅದೂ ಮನೆಗೆ ಬಂದು, ಕನ್ನಡಿಯನ್ನು.

ಮಶಾಕ ಒಳ್ಳೆಯವನು. ಮರುವಾರ ನಮ್ಮ ಓಣಿಗೆ ಬಂದಾಗ ಮನೆಯ ಮುಂದೆ ಗಾಡಿ ನಿಲ್ಲಿಸಿ, "ಭಾಗ್ಯಾ ಆಪಾ, ಕರಿ ನನ್ ಬಕೀಟಿಗಿ ಸಿಗಬಾರದಿತ್ತು. ಖರೆ ಹೇಳ್ತೀನಿ, ನನ್ ನೆದರೆಲ್ಲ ಹಿಂದ ಇತ್ತು" ಅಂದ. ಆ ಮಾತಿನಿಂದ ನನಗೆ ಸಮಾಧಾನ ಆಗಬೇಕಿತ್ತು. ಇನ್ನೂ ಉರಿಯಿತು. ನೆದರೆಲ್ಲ, ಕಣ್ಣೆಲ್ಲ, ಹಿಂದೆ ಇತ್ತಂತೆ!

ಇನ್ನು ತಕರಾರಿನ ಮಾತು. ಈ ಸಲ ಹೆಸರು ಬರೆಸಲು ಕರೆದಾಗ ನಾನು, ಸ್ಟೇಷನ್ ಎದುರು ಹೂವು ಮಾರುವ ಸರಿತಾ, ಇಬ್ಬರೂ ರಮೇಶಕುಮಾರನ ಗೋಡೌನಿಗೆ ಹೋದೆವು. ಹೋದ ವರ್ಷ ಲಾರಿಗೆ ಹೆದರಿ ರಸ್ತೆ ಬಿಟ್ಟು ಜಲ್ಲಿಕಲ್ಲಿನ ಕಡಿಯ ರಾಶಿಗೆ ಬಿದ್ದು ಮೊಣಕಾಲು ಕೆತ್ತಿಸಿಕೊಂಡವಳು ಅವಳೇ ಅಲ್ಲವೇ? ಹಾಗಾಗಿ ಅವಳನ್ನು ಕರೆದುಕೊಂಡೇ ಹೋದೆ. ರಮೇಶಕುಮಾರ ಕುರ್ಚಿ ಒರೆಸಿ, "ಕುಂದ್ರಿ ಅಕ್ಕಾರ, ಮೊದಲ ಚಾ ಕುಡೀರಿ" ಅಂದ. ಕುಡಿದು ಹೇಳಿದೆ. ಗಂಡಸರಿಗೆ ತಡೆದ ಹಾಗೆ ನಮ್ಮ ರೇಸು ಮುಗಿಯುವ ತನಕವೂ ಲಾರಿ ತಡೆಯಿರಿ. ಲಾರಿ ತಡೆದರೆ ಸಂಗಾಟದ ಗಾಡಿ ಯಾರಿಗೂ ಬೇಕಿಲ್ಲ, ಅದನ್ನು ತೆಗೆಯಿರಿ. ಕರಿಯನ್ನು ಸೈಕಲ್ ಬಿಟ್ಟು ಬೇರೆ ಯಾವುದೂ ಮುಟ್ಟದ ಹಾಗೆ ನೋಡಿಕೊಳ್ಳಿರಿ. ಮಶಾಕನ ಹೆಸರನ್ನೂ ಎತ್ತಲಿಲ್ಲ, ನಿನ್ನ ಹೆಸರನ್ನೂ ಎತ್ತಲಿಲ್ಲ. ಬಕೀಟಿನ ಹೆಸರು ಎತ್ತಿದೆ, ಅದು ಖರೆ. ಸಮಿತಿಯ ಪಿ.ಟಿ. ಮಾಸ್ತರ ಸಂಘಪಾಲ, "ಅಕ್ಕಾರ ಹೇಳಾಕತ್ತಿದ್ದು ಬರಾಬರ್ ಅದ. ಇನ್ನ ಅರ್ಧ ತಾಸ ಲಾರಿ ನಿಂತ್ರ ಯಾರ ಗಂಟ ಹೋಗತದ?" ಅಂದ. ರಮೇಶಕುಮಾರ, "ನೀವು ಬೇಫಿಕರ್ ಆಗಿ ಹೋಗ್ರಿ, ಎಲ್ಲಾ ಬಂದೋಬಸ್ತ್ ಮಾಡ್ತೀವಿ" ಅಂದ. ಸರಿತಾ ದಾರಿಯುದ್ದಕ್ಕೂ ಕುಣಿಯುತ್ತ ಬಂದಳು.

ಬಂದೋಬಸ್ತು ಏನು ಮಾಡಿದರು, ರೇಸಿನ ವಾಟ್ಸಾಪ್ ಗುಂಪಿನಲ್ಲಿ ನೀನೂ ಓದಿದ್ದಿ. ಮಹಿಳೆಯರ ಸುರಕ್ಷತೆಯ ದೃಷ್ಟಿಯಿಂದ, ಪ್ರತಿಯೊಬ್ಬ ಮಹಿಳೆಯೊಂದಿಗೆ ಅವರ ಮನೆಯ ಒಬ್ಬ ಗಂಡಸು ಮೋಟಾರ್ ಸೈಕಲ್ ಸಮೇತ ಬರುವುದು ಕಡ್ಡಾಯ, ಇಲ್ಲದಿದ್ದರೆ ಭಾಗವಹಿಸುವಂತಿಲ್ಲ. ನಾನು ಗಾಡಿ ತೆಗೆಯಿರಿ ಅಂತ ಹೇಳಲು ಹೋದೆ, ಅವರು ಗಾಡಿ ಇಲ್ಲದವಳನ್ನೇ ತೆಗೆದುಹಾಕಿದರು! ಫೋನ್ ಮಾಡಿ ಕೇಳಿದರೆ ರಮೇಶಕುಮಾರ, "ಅಕ್ಕಾರ, ಲಾರಿ ಅಂಜಿಕಿ ಅದ ಅಂತ ನೀವೇ ಅಂದ್ರಿ. ನಾಳಿ ಏನರೆ ಆದ್ರ ಜಿಮ್ಮೇದಾರಿ ಯಾರು? ನಿಮ್ಮ ಮನಿಯವ್ರು ಸಂಗಾಟ ಇದ್ರ ನಮ್ಗೂ ನಿಶ್ಚಿಂತಿ" ಅಂತ ಜೇನಿನಂತೆ ಮಾತಾಡಿದ. ಸರಿತಾಳ ಗಂಡ ತೀರಿಕೊಂಡು ಎಷ್ಟೋ ಕಾಲವಾಯಿತು, ಮನೆಯಲ್ಲಿ ಅತ್ತೆ ಬಿಟ್ಟರೆ ಯಾರಿಲ್ಲ. ಅವಳು ಯಾರನ್ನು ತರಬೇಕು? "ಹೋಗ್ಲಿ ಬಿಡಕ್ಕ, ನಂಗ್ ಹೂವಿನ ಯಾಪಾರ ಅದ" ಅಂತ ನನಗೇ ಸಮಾಧಾನ ಹೇಳಿದಳು. ಭಂಕೂರಿನಿಂದ ರೇಸಿಗೆ ಬರುತ್ತಿದ್ದ ಅಕ್ಕತಂಗಿಯರ ಮನೆಯಲ್ಲಿ ಗಂಡಸರಿದ್ದಾರೆ, ಗಾಡಿ ಇಲ್ಲ.

ಅಂಥ ಆದೇಶದ ಕೆಳಗೆ ನೀನು ಏನು ಮಾಡಿದೆ? ಹೆಬ್ಬೆಟ್ಟು ಎತ್ತಿದ ಚಿತ್ರ ಹಾಕಿದೆ. ಎಲ್ಲರಿಗಿಂತ ಮೊದಲು. ಅದನ್ನು ನೋಡಿದಾಗ ನನ್ನ ಕೈಯಲ್ಲಿ ಕತ್ತರಿ ಇತ್ತು, ನಿನ್ನ ಕುರ್ತಾ ಮುಂದೆ ಇತ್ತು. ದೇವರು ದೊಡ್ಡವನು, ಕುರ್ತಾ ಉಳಿಯಿತು.

ಹುಡುಗರು ಮಶಾಕನಿಗೆ ಬಕೀಟ್ ಚಾಂಪಿಯನ್ ಅಂತ ಕೂಗುತ್ತಾರೆ, ಅದಕ್ಕೆ ಅವನು ವಾಡಿಗೆ ವ್ಯಾಪಾರಕ್ಕೆ ಬರುವುದನ್ನೇ ಬಿಟ್ಟಿದ್ದಾನೆ ಅಂತ ಕೇಳಿದೆ. ಆ ಹೆಸರು ನಾನು ಇಟ್ಟದ್ದಲ್ಲ. ಆದರೆ ಮೊದಲ ಸಲ ಕೇಳಿದಾಗ ನಾನು ನಕ್ಕದ್ದು ಹೌದು. ಅವನು ಬರದೆ ಇರುವುದಕ್ಕೆ ನನಗೆ ಕೆಡುಕೆನಿಸಿದೆ. ನಮ್ಮ ಮನೆಯ ಟಬ್ಬು ಸೀಳಿದೆ, ಬೇರೆಯವರ ಹತ್ತಿರ ತೆಗೆದುಕೊಳ್ಳಲು ಮನಸ್ಸಿಲ್ಲ. ಅವನಿಗೆ ಹೇಳು, ನಮ್ಮ ಓಣಿಯಲ್ಲಿ ಯಾರಾದರೂ ಹಾಗೆ ಕೂಗಿದರೆ ಅವರ ನಾಲಿಗೆಗೆ ನನ್ನ ಕತ್ತರಿ ಇದೆ.

ನೀನು ಕೇಳುತ್ತಿ, ನಿನಗೇನು ಕಡಿಮೆ, ನಿನ್ನ ಮನೆಯಲ್ಲಿ ಗಂಡನೂ ಇದ್ದಾನೆ ಗಾಡಿಯೂ ಇದೆ ಅಂತ. ಇದ್ದಾನೆ. ರೇವಣಸಿದ್ದ ಫರ್ಸಿ ಪಾಲಿಶ್ ಕೆಲಸದಿಂದ ಬಂದು, ಮೈತುಂಬ ಬಿಳಿ ಪುಡಿ ಹೊತ್ತುಕೊಂಡು ನನ್ನ ಸೈಕಲಿಗೆ ಗಾಳಿ ಹಾಕುತ್ತಾನೆ, ಚೈನಿಗೆ ಎಣ್ಣೆ ಬಿಡುತ್ತಾನೆ. ರೇಸಿನ ದಿನ ಮಾತ್ರ ಕಾಣೆ. ಎರಡು ವರ್ಷವೂ ಅಂದೇ ಅವನಿಗೆ ಎಲ್ಲಿಲ್ಲದ ಕೆಲಸ. ಆದೇಶ ಬಂದ ದಿನ ಊಟಕ್ಕೆ ಬಡಿಸುತ್ತ ಕೇಳಿದೆ. ನಾನಾಗಿ ಬಾಯಿಬಿಟ್ಟು ಕೇಳಿದೆ, ಅಲ್ಮಾಸ್. ಅವನು ತಾಟಿನಿಂದ ಮುಖ ಎತ್ತದೆ, "ಹೆಂಡ್ತಿ ಹಿಂದ ಸೈಕಲ್ ತುಳಿಲಿಕತ್ತಾಳ, ಗಂಡ ಮುಂದ ಹಾರ್ನ್ ಹೊಡ್ಕೋತ ಹೊಂಟಾನ ಅಂತ ಮಂದಿ ನಗ್ತಾರ. ಮಶಾಕಗ ನಡೀತದ, ನಂಗ್ ಆಗಲ್ಲ" ಅಂದ. ಇನ್ನೊಂದು ರೊಟ್ಟಿ ಹಾಕಿದೆ. ಅವನು ಕೆಟ್ಟವನಲ್ಲ. ಆದರೆ ಆ ಇರುಳು ಮಶಾಕನ ಬಕೀಟುಗಳೆಲ್ಲ ನನ್ನ ಎದೆಯ ಮೇಲೆ ಉರುಳಿದವು.

ಹಾಗಾಗಿ ಈಗಿನ ಲೆಕ್ಕ ಇಷ್ಟು. ಆದೇಶ ಹೀಗೆಯೇ ಉಳಿದರೆ ಸರಿತಾ ಇಲ್ಲ, ಅಕ್ಕತಂಗಿಯರಿಲ್ಲ, ನಾನಿಲ್ಲ. ನೀನು ಮತ್ತು ಇನ್ನೊಬ್ಬಳು ಉಳಿಯುತ್ತೀರಿ. ಎರಡೇ ಹೆಣ್ಮಕ್ಕಳ ಸಲುವಾಗಿ ಎರಡನೇ ಕರಿ ಯಾಕೆ ಕಟ್ಟಬೇಕು ಅಂತ ಸಮಿತಿಯಲ್ಲಿ ಈಗಾಗಲೇ ಮಾತು ನಡೆದಿದೆ ಅಂತ ಸಂಘಪಾಲ ಮಾಸ್ತರ ಹೇಳಿದ. ಮುಂದಿನ ವರ್ಷ ನಮ್ಮ ರೇಸೇ ಇರುವುದಿಲ್ಲ. ಆಗ ನೀನು ಯಾರನ್ನು ಗೆಲ್ಲುತ್ತಿ?

ರವಿವಾರ ಮುಂಜಾನೆ ಗೋಡೌನಿನಲ್ಲಿ ಕೊನೆಯ ಸಭೆ. ಶನಿವಾರ ನಿನಗೆ ಹಬ್ಬ, ಮರುದಿನವೂ ಮನೆತುಂಬ ನೆಂಟರು, ಎಲ್ಲ ಗೊತ್ತು. ಆದರೂ ಬಾ. ನಾನು ಹೇಳಿದರೆ ಸೋತವಳ ಗೊಣಗಾಟ. ಸರಿತಾ ಹೇಳಿದರೆ ಕೇಳುವವರಾರು? ನೀನು ಎರಡು ಸಲ ಗೆದ್ದವಳು. ಈ ಸಲದ ಬ್ಯಾನರಿನಲ್ಲಿ ನಿನ್ನ ಫೋಟೋ ರಮೇಶಕುಮಾರನ ಫೋಟೋಗಿಂತ ದೊಡ್ಡದಿದೆ, ಅದನ್ನು ನೋಡಿದಾಗಲೂ ನನಗೆ ಜ್ವರ ಬಂತು. ನೀನು ಎದ್ದು ನಿಂತು, "ನಾ ಯಾವ ಗಾಡಿ ಹಿಂದನೂ ಬರಂಗಿಲ್ಲ. ಲಾರಿ ನಿಂದ್ರಸ್ರಿ, ಇಲ್ಲಾಂದ್ರ ನನ್ ಹೆಸರೂ ಹೊಡೀರಿ" ಅಂದರೆ ಅವನ ಬಾಯಿ ಮುಚ್ಚುತ್ತದೆ. ಬ್ಯಾನರು ಛಾಪಿಸಿ ಆಗಿದೆಯಲ್ಲ.

ಸುಳ್ಳು ಹೇಳುವುದಿಲ್ಲ. ಇದರಲ್ಲಿ ನನ್ನ ಸ್ವಾರ್ಥ ಇದೆ. ಮಶಾಕ ಮುಂದೆ ಇಲ್ಲದಿದ್ದರೆ ನಿನಗೂ ಗಾಳಿ ಹೊಡೆಯುತ್ತದೆ, ನಿನ್ನ ಓಢಣಿಯೂ ಮುಖಕ್ಕೆ ಬರುತ್ತದೆ. ಆಗ ನೀನು ಸೋಲಬೇಕು, ಅದೂ ನನ್ನ ಕೈಯಲ್ಲೇ ಸೋಲಬೇಕು, ಅಂತ ನಾನು ಹಗಲೂ ಇರುಳೂ ಹಾರೈಸುತ್ತೇನೆ. ಗಾಳಿಯಲ್ಲೂ ನೀನೇ ಗೆದ್ದರೆ ಏನು ಮಾಡುವುದು? ಎರಡು ದಿನ ಅನ್ನ ಸೇರುವುದಿಲ್ಲ, ಮೂರನೇ ದಿನ ನಿನ್ನ ಮನೆಗೆ ಬಂದು ಉಣ್ಣುತ್ತೇನೆ. ಆದರೆ ಒಂದು ಸಲ, ಒಂದೇ ಸಲ, ನಿನ್ನ ಮುಂದೆಯೂ ಯಾರೂ ಇಲ್ಲದೆ, ನನ್ನ ಮುಂದೆಯೂ ಯಾರೂ ಇಲ್ಲದೆ ನಾವಿಬ್ಬರೂ ಆ ಕರಿಯ ಕಡೆ ಹೋಗಬೇಕು. ಹೈಸ್ಕೂಲಿನಿಂದ ಮನೆಗೆ ಬರುವಾಗ ಹೋಗುತ್ತಿರಲಿಲ್ಲವೇ, ಹಾಗೆ. ನೀನು ಯಾವ ಮರೆಯೂ ಇಲ್ಲದೆ ನನಗಿಂತ ಜೋರು ಅಂತ ಆದರೆ ಆದೀತು, ಅದನ್ನು ನಾನು ಸಹಿಸಬಲ್ಲೆ. ಬಕೀಟಿಗೆ ಸೋಲುವುದನ್ನು ಸಹಿಸಲಾರೆ.

ಕುರ್ತಾದ ತೋಳು ನೀನು ಹೇಳಿದ್ದಕ್ಕಿಂತ ಅರ್ಧ ಇಂಚು ಸಡಿಲ ಇಟ್ಟಿದ್ದೇನೆ. ಹ್ಯಾಂಡಲ್ ಹಿಡಿದು ಬಗ್ಗಿದಾಗ ಬಗಲಲ್ಲಿ ಜಗ್ಗಬಾರದು. ಸಿಟ್ಟಿನಲ್ಲಿ ಹೊಲಿದದ್ದಾದರೂ ಹೊಲಿಗೆ ನೆಟ್ಟಗೇ ಇದೆ, ತಿರುವಿ ನೋಡಿಕೋ. ಮಕ್ಕಳಿಗೆ ಮುತ್ತು, ಮಶಾಕನಿಗೆ ಸಲಾಮು, ಎಲ್ಲರಿಗೂ ಹಬ್ಬದ ಮುಬಾರಕ್. ನಿನಗೆ ಮುಬಾರಕ್ ಬೇಕಿದ್ದರೆ ರವಿವಾರ ಬಂದು ಎದುರಿಗೇ ಇಸಿದುಕೋ.

ಇಂತಿ,
ಎರಡು ವರ್ಷದಿಂದ ನಿನ್ನ ಹಿಂದಿಂದೇ ಬರುತ್ತಿರುವ
ಭಾಗ್ಯ

ತಾ.ಕ.: ಪತ್ರ ಮಡಚುವಷ್ಟರಲ್ಲಿ ರೇವಣಸಿದ್ದ ಬಂದ. ಪುಡಿ ಕೂಡ ತೊಳೆದುಕೊಳ್ಳದೆ ಬಾಗಿಲಲ್ಲೇ ನಿಂತು, "ರಮೇಶಕುಮಾರನ ಹಂತೇಕ ಹೋಗಿ ನನ್ ಹೆಸರ ಬರಸಿ ಬಂದೀನಿ. ನಗೋರು ನಗಲಿ. ನಾ ಬರ್ತೀನಿ ನಿನ್ ಮುಂದ" ಅಂದ. ಅಲ್ಮಾಸ್, ಈ ಮಾತು ಕೇಳಬೇಕು ಅಂತ ನಾನು ಎಷ್ಟು ಕಾದಿದ್ದೆ ಅಂತ ನಿನಗೊಬ್ಬಳಿಗೇ ಗೊತ್ತು. ನನ್ನ ಬಾಯಿಂದ ಬಂದದ್ದು "ಬ್ಯಾಡ" ಅಂತ. ಯಾಕೆ ಅಂತ ಕೇಳಿದ, ನಾನು ಈ ಪತ್ರ ಮತ್ತೆ ಬಿಚ್ಚಿ ಬರೆಯಲು ಕೂತೆ. ಈಗ ಹೊರಗೆ ಗಾಡಿ ಒರೆಸುತ್ತ ಕೂತಿದ್ದಾನೆ, ಆಗಾಗ ತಿರುಗಿ ಒಳಗೆ ನೋಡುತ್ತಿದ್ದಾನೆ. ರವಿವಾರ ಬರುತ್ತೀಯೋ ಇಲ್ಲವೋ, ಕುರ್ತಾ ಕೈಗೆ ಸಿಕ್ಕ ಕೂಡಲೇ ಫೋನ್ ಮಾಡು. ಅವನು ಇನ್ನೊಂದು ಸಲ ಕೇಳಿದರೆ ಬೇಡ ಅನ್ನುವುದು ನನ್ನಿಂದ ಆಗುವುದಿಲ್ಲ.